ಯಾರೂ ಆಡದ ಮಾತಿಗೆ ಒಂದು ಸಾಲು

ಆ ಒಂದು ಸಾಲು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಇತ್ತು ಎಂದು ಹೇಳಿದ ಒಬ್ಬಳು ಹುಡುಗಿ ಮೆಲ್ಬರ್ನ್‌ನಲ್ಲಿ ಇನ್ನೂರು ಜನರ ಕಣ್ಣಲ್ಲಿ ಸುಳ್ಳು ಹೇಳಿದವಳಾಗಿ ಉಳಿಯುತ್ತಾಳೆ. ಹಾಗಾದರೆ ಇಡಬೇಕಲ್ಲವೆ? ಇಟ್ಟರೆ ಭಾನುವಾರ ಸಿಡ್ನಿಯಲ್ಲಿ ಇನ್ನೊಂದು ಮಗು ಓದುತ್ತದೆ, ಎದ್ದು ನಿಂತು ಕೇಳುತ್ತದೆ. ಆಗ ಸಿನಿಮಾದ ನಿರ್ದೇಶಕರೇ ಫೈಲ್ ತೆರೆದು ನೋಡುತ್ತಾರೆ. ಒಂದು ಸಾಲು ಹೀಗೆ ಸೇರಿಸಿದವನು ಇನ್ನೆಷ್ಟು ಸೇರಿಸಿದ್ದಾನೋ ಎನ್ನುತ್ತಾರೆ. ತೆಗೆಯಲೇ?

ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹಿಂದಿನ ಬಾಡಿಗೆ ಫ್ಲ್ಯಾಟಿನಲ್ಲಿ ಬೆಳಗಿನ ನಾಲ್ಕೂ ಮುಕ್ಕಾಲಿಗೆ ಬಸವಣ್ಣೆಪ್ಪ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಾರೆ. ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಇಲ್ಲ, ಲ್ಯಾಪ್‌ಟಾಪ್ ಇದೆ. ಕುಳಿತರೆ ನಿದ್ದೆ ಬರುತ್ತದೆಂದು ಒಂಬತ್ತು ವರ್ಷದಿಂದ ಹೀಗೆ ನಿಂತೇ ಕೆಲಸ. ತೆರೆಯ ಮೇಲೆ ಒಬ್ಬ ಸೈನಿಕನ ಮುಖ ಸ್ತಬ್ಧವಾಗಿದೆ, ಅದರ ಕೆಳಗೆ ಬಿಳಿ ಅಕ್ಷರದ ಒಂದು ಇಂಗ್ಲಿಷ್ ಸಾಲು. ಕ್ರಮಸಂಖ್ಯೆ 1,268. ಆರು ಗಂಟೆಗೆ ಅವರು ಮನೆ ಬಿಡಬೇಕು, ಆರೂವರೆಗೆ ಪಾಳಿ. ಪಾಳಿ ಶುರುವಾದರೆ ಫೋನು ಲಾಕರಿನಲ್ಲಿ. ಹತ್ತಕ್ಕೆ ಫೈಲು ಚಿತ್ರಮಂದಿರದವರ ಕೈಸೇರಬೇಕು. ಯೋಚಿಸಲು ಉಳಿದಿರುವುದು ಒಂದೂಕಾಲು ತಾಸು.

ಹಾವೇರಿ ಜಿಲ್ಲೆಯ ಬ್ಯಾಡಗಿಯವರಾದ ಬಸವಣ್ಣೆಪ್ಪನವರಿಗೆ ಈಗ ನಲವತ್ತೇಳು. ಸಂಬಳ ತರುವ ಕೆಲಸ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ಸ್‌ಮನ್ ಆಗಿ: ರೋಗಿಗಳನ್ನು ಮಂಚದ ಸಮೇತ ವಾರ್ಡಿನಿಂದ ಎಕ್ಸ್‌ರೇಗೆ, ಅಲ್ಲಿಂದ ಶಸ್ತ್ರಚಿಕಿತ್ಸೆಗೆ, ಮತ್ತೆ ವಾರ್ಡಿಗೆ ತಳ್ಳಿಕೊಂಡು ಹೋಗುವುದು. ಇನ್ನೊಂದು ಕೆಲಸ ಯಾವ ಪಟ್ಟಿಯಲ್ಲೂ ಇಲ್ಲ. ಸಿಡ್ನಿ ಮತ್ತು ಮೆಲ್ಬರ್ನ್‌ಗೆ ಬರುವ ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಬರೆಯುವುದು. ಇಲ್ಲಿಯವರೆಗೆ ಅರವತ್ತೊಂದು ಸಿನಿಮಾ. ಒಂದರಲ್ಲೂ ಅವರ ಹೆಸರಿಲ್ಲ.

"ಹೆಸರು ಹಾಕಾಕ ಜಾಗಾ ಎಲ್ಲೈತ್ರಿ? ಅದು ಬರೂದ್ರಾಗ ಮಂದಿ ಪಾರ್ಕಿಂಗ್‌ನ್ಯಾಗ ಇರ್ತಾರ," ಎನ್ನುತ್ತಾರೆ. ನಗುವುದಿಲ್ಲ. ಅವರು ಹೇಳುವ ಮಾತಿಗೆ ನಗುವುದೋ ಬಿಡುವುದೋ ಎಂದು ಎದುರಿದ್ದವರಿಗೆ ತಿಳಿಯುವುದು ತಡವಾಗಿ.

ಅಕೌಂಟಿಂಗ್ ಓದಲೆಂದು ವಿದ್ಯಾರ್ಥಿಯಾಗಿ ಬಂದವರು ಅವರು. ಹಗಲು ಕಾಲೇಜು, ಬೆಳಗಿನ ಜಾವ ಆಫೀಸುಗಳಲ್ಲಿ ನೆಲ ಒರೆಸುವುದು, ವಾರಾಂತ್ಯದಲ್ಲಿ ಪಿಜ್ಜಾ ಹಂಚುವುದು. ಓದಿದ್ದಕ್ಕೆ ಕೆಲಸ ಸಿಗಲಿಲ್ಲ, ಒರೆಸಿದ್ದಕ್ಕೆ ಸಿಕ್ಕಿತು. ಅಲ್ಲಿಂದ ಆಸ್ಪತ್ರೆ, ಆಮೇಲೆ ಕಾಯಂ ವಾಸದ ಪಿಆರ್, ಮದುವೆ, ಮಗಳು. ಹೆಂಡತಿ ವೇದಾವತಿ ವೃದ್ಧಾಶ್ರಮವೊಂದರಲ್ಲಿ ಆರೈಕೆಯ ಕೆಲಸದಲ್ಲಿದ್ದಾರೆ.

ಸಬ್‌ಟೈಟಲ್ ಶುರುವಾಗಿದ್ದು ಮಗಳಿಂದ. ಇಂಚರಾಗೆ ಆಗ ಐದು ವರ್ಷ. ಕನ್ನಡ ಸಿನಿಮಾಕ್ಕೆ ಕರೆದುಕೊಂಡು ಹೋದರೆ ನಿಮಿಷಕ್ಕೊಮ್ಮೆ "ವಾಟ್ ಡಿಡ್ ಹಿ ಸೇ?" ಬಸವಣ್ಣೆಪ್ಪ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ಮುಂದಿನ ಸಾಲಿನ ಯುವಕ ತಿರುಗಿ, "ಅಂಕಲ್, ಸ್ವಲ್ಪ ಸುಮ್ನಿರ್ತೀರಾ? ನಾವು ಸಿನಿಮಾ ನೋಡಕ್ ಬಂದಿರೋದು, ನಿಮ್ ಕಾಮೆಂಟರಿ ಕೇಳಕ್ಕಲ್ಲ," ಎಂದ. ಅವರು ಸುಮ್ಮನಾದರು. ಹತ್ತು ನಿಮಿಷದಲ್ಲಿ ಮಗು ನಿದ್ದೆ ಹೋಯಿತು. ನಿದ್ದೆ ಹೋದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲಿಳಿಯುವಾಗ ಆ ಯೋಚನೆ ಬಂತು: ಪಿಸುಗುಟ್ಟುವುದನ್ನು ಬರೆದರೆ ಯಾರಿಗೂ ತೊಂದರೆ ಇಲ್ಲವಲ್ಲ.

ಬರೆಯುವುದಕ್ಕೆ ಒಂದು ಲೆಕ್ಕವಿದೆ. ಒಂದು ಸಾಲಿಗೆ ನಲವತ್ತೆರಡು ಅಕ್ಷರ, ಒಮ್ಮೆಗೆ ಎರಡೇ ಸಾಲು. ದೊಡ್ಡವರು ಸೆಕೆಂಡಿಗೆ ಹದಿನೇಳು ಅಕ್ಷರ ಓದುತ್ತಾರೆ, ಎಂಟು ವರ್ಷದ ಮಗು ಹನ್ನೆರಡು. ಬಸವಣ್ಣೆಪ್ಪ ಮಗುವಿನ ಲೆಕ್ಕಕ್ಕೆ ಬರೆಯುತ್ತಾರೆ. ಹಾಗಾಗಿ ನಾಯಕನ ಉದ್ದುದ್ದ ಭಾಷಣಗಳು ಅವರ ಕೈಯಲ್ಲಿ ಅರ್ಧವಾಗುತ್ತವೆ. ದಿನಕ್ಕೆ ಎಂಬತ್ತು ಸಾಲು. ಒಂದು ಸಿನಿಮಾಕ್ಕೆ ಹದಿನಾರು, ಹದಿನೇಳು ಬೆಳಗು.

ಇನ್ನೊಂದು ನಿಯಮ ಯಾವ ಪುಸ್ತಕದ್ದೂ ಅಲ್ಲ, ಅವರದೇ. "ಮ್ಯಾಲೆ ಬಾಯಿ ಮುಚ್ಚಿದ್ರ ಕೆಳಗೂ ಮುಚ್ಚಿರಬೇಕು. ಯಾರೂ ಮಾತಾಡ್ದಾಗ ನಾ ಮಾತಾಡಿದ್ರ ಅದು ಕಳವು ಮಾಡಿದಂಗ."

ಅರವತ್ತು ಸಿನಿಮಾಗಳಲ್ಲಿ ಆ ನಿಯಮ ಮುರಿಯಲಿಲ್ಲ.

ಅರವತ್ತೊಂದನೆಯದು ಯುದ್ಧದ ಸಿನಿಮಾ. ಅದರ ಹೆಸರು ಬರೆಯಬೇಡಿ ಎಂದು ಅವರು ಎರಡು ಸಲ ಕೇಳಿಕೊಂಡಿದ್ದಾರೆ. "ಚಲೋ ಆಗಿಲ್ಲ ನಿಜ. ಆದ್ರ ಮಳ್ಯಾಗ ಬಿಸಲಾಗ ನಿಂತು ತಗದಾರ್ರೀ ಪಾಪ." ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋದ ನಮ್ಮ ಕಡೆಯ ಸೈನಿಕರ ಕತೆ. ಹಿಮ್ಮೆಟ್ಟುವ ಶತ್ರುಪಡೆ ಹಳ್ಳಿಯೊಂದರ ಇಗರ್ಜಿಯಿಂದ ಹಳೆಯ ಚಿತ್ರವೊಂದನ್ನು ಕದ್ದು ಸುರಂಗದಲ್ಲಿ ಬಚ್ಚಿಟ್ಟಿದೆ. ಸುರಂಗದ ಸಿಡಿಮದ್ದು ತೆಗೆಯಲು ಹೋದ ಕನ್ನಡದ ಸೈನಿಕ ಚಿತ್ರವನ್ನು ಕಂಡು, ಹೊತ್ತು ತಂದು, ಹಳ್ಳಿಗೆ ಒಪ್ಪಿಸುತ್ತಾನೆ. ಕೇಳಿದರೆ ಮೈ ನವಿರೇಳುವ ಕತೆ. ನಿರ್ದೇಶಕ ದರ್ಶನ್ ಅವರ ಮೊದಲ ಸಿನಿಮಾ. ಇಟಲಿಗೆ ಹೋಗುವುದು ಆಗದೆ, ಮೆಲ್ಬರ್ನ್ ಆಚೆಯ ಗುಡ್ಡಗಳಲ್ಲೇ ಇಟಲಿಯನ್ನು ನಿಲ್ಲಿಸಿದರು.

ಅದನ್ನು ಮೊದಲು ಪತ್ತೆ ಹಚ್ಚಿದ್ದು ಇಂಚರಾ. ಈಗ ಹದಿನಾಲ್ಕರ ಅವಳು ಹಲ್ಲುಜ್ಜುತ್ತಾ ಅಪ್ಪನ ಹೆಗಲ ಮೇಲಿಂದ ಇಣುಕಿ, "ಡ್ಯಾಡ್, ದೋಸ್ ಆರ್ ಗಮ್ ಟ್ರೀಸ್," ಎಂದಳು.

"ಇಟಲ್ಯಾಗೂ ಇರಬಹುದವ್ವ."

"ಡ್ಯಾಡ್. ದೇರ್ಸ್ ಎ ಕುಕಬರಾ."

ನಿಜಕ್ಕೂ ಗಮ್ ಎಂಬ ನೀಲಗಿರಿ ಮರದ ಕೊಂಬೆಯ ಮೇಲೆ ಆಸ್ಟ್ರೇಲಿಯಾದ ಹಕ್ಕಿ ಕುಳಿತಿತ್ತು, ಅದರ ಕೆಳಗೆ ಯುದ್ಧ ನಡೆದಿತ್ತು. ಎರಡು ತಾಸು ಇಪ್ಪತ್ತು ನಿಮಿಷದ ಸಿನಿಮಾದಲ್ಲಿ ಕದ್ದ ಚಿತ್ರ ಕಾಣಿಸುವುದು ಹತ್ತೊಂಬತ್ತು ಸೆಕೆಂಡು, ಬಸವಣ್ಣೆಪ್ಪ ಎಣಿಸಿದ್ದಾರೆ. ಉಳಿದದ್ದು ನಾಯಕ ಅದನ್ನು ಬೆನ್ನಿಗೆ ಕಟ್ಟಿಕೊಂಡು ಗುಂಡು ಹಾರಿಸುವುದು. ಮೆಲ್ಬರ್ನ್ ಪ್ರದರ್ಶನದ ನಂತರ ವಾಟ್ಸಾಪಿನಲ್ಲಿ ಒಬ್ಬರು ಬರೆದರು: "ಅವರ ಪೇಂಟಿಂಗ್ ಸಿಕ್ತು, ನಮ್ಮ ಭಾನುವಾರ ಕಳುವಾಯ್ತು."

ಆದರೆ ಕೊನೆಗೊಂದು ದೃಶ್ಯವಿದೆ. ಚಿತ್ರವನ್ನು ಗೋಡೆಗೆ ಏರಿಸುತ್ತಿದ್ದಾರೆ, ಹಳ್ಳಿಯವರು ಅಳುತ್ತಿದ್ದಾರೆ, ಸೈನಿಕ ಬಾಗಿಲ ಬಳಿ ನಿಂತು ನೋಡುತ್ತಾನೆ. ಮೂವತ್ತೆಂಟು ಸೆಕೆಂಡು ಅವನ ಮುಖ ಮಾತ್ರ. ಒಂದು ಮಾತೂ ಇಲ್ಲ. ಹಿನ್ನೆಲೆಯಲ್ಲಿ ಯಾರು ಹೇಳಿದರೋ ಏನೋ, ಡೊಳ್ಳು ಬಾರಿಸಿದ್ದಾರೆ. ಬಸವಣ್ಣೆಪ್ಪ ಧ್ವನಿ ಪೂರ್ತಿ ಬಂದ್ ಮಾಡಿ ಆ ಮುಖವನ್ನು ಏಳು ಬೆಳಗು ನೋಡಿದರು.

ಅವರಿಗೆ ಅಂಥ ಮುಖ ಹೊಸತಲ್ಲ. ಪಾಳಿಗೆ ಇಪ್ಪತ್ತೈದರಿಂದ ಮೂವತ್ತು ಮಂಚ, ಹದಿನಾಲ್ಕು ಕಿಲೋಮೀಟರ್ ನಡಿಗೆ. ಶಸ್ತ್ರಚಿಕಿತ್ಸೆಗೆ ಹೊರಟವರು ಮಾತಾಡುವುದಿಲ್ಲ, ಛಾವಣಿಯ ದೀಪಗಳನ್ನು ಎಣಿಸುತ್ತಾರೆ. "ಲಿಫ್ಟಿನ್ಯಾಗ ಬಂದ ಕೂಡ್ಲೆ ನಮ್ಮ ಮಾರಿ ನೋಡ್ತಾರ್ರೀ. ಏನೂ ಕೇಳಂಗಿಲ್ಲ. ಆದ್ರ ಕೇಳಿದಂಗ ಆಕ್ಕೈತಿ. ನಾವು ಏನೂ ಹೇಳಬಾರ್ದು, ಅದು ಡಾಕ್ಟರ್ ಕೆಲಸ. ಇಪ್ಪತ್ತು ವರ್ಷ ಆತು, ಹೇಳಿಲ್ಲ."

ಎಂಟನೇ ಬೆಳಗು ಅವರು ಆ ಮುಖದ ಕೆಳಗೆ ಒಂದು ಸಾಲು ಬರೆದರು. ಇಂಗ್ಲಿಷಿನ ಆ ಸಾಲು ಕನ್ನಡದಲ್ಲಿ ಹೀಗೆ: "ಇವರದ್ದು ಮನೆ ಸೇರಿತು. ನಮ್ಮದನ್ನು ಹೊತ್ತು ತರುವವರು ಯಾರು?" ಬರೆದು ನೋಡಿ, ಆಸ್ಪತ್ರೆಗೆ ಹೋದರು. ಸಂಜೆ ಬಂದು ತೆಗೆಯಬೇಕೆಂದಿದ್ದರು. ಸಂಜೆ ಅದು ಅಲ್ಲೇ ಹುಟ್ಟಿ ಬೆಳೆದಂತೆ ಕಾಣಿಸಿತು. ಬಿಟ್ಟರು. ಯಾರು ಓದುತ್ತಾರೆ ಎಂದುಕೊಂಡರು. ಕನ್ನಡ ಬಲ್ಲವರು ಕೆಳಗೆ ನೋಡುವುದಿಲ್ಲ, ಮಕ್ಕಳು ಕೊನೆಯ ಹೊತ್ತಿಗೆ ಫೋನಿನಲ್ಲಿರುತ್ತಾರೆ.

ಮೊದಲ ಪ್ರದರ್ಶನ ಮೆಲ್ಬರ್ನ್‌ನಲ್ಲಿ, ಮೂರು ವಾರದ ಹಿಂದೆ. ಬಸವಣ್ಣೆಪ್ಪ ಹನ್ನೊಂದು ತಾಸು ರೈಲಿನಲ್ಲಿ ಕುಳಿತು ಹೋದರು. ಪ್ರತಿ ಸಿನಿಮಾದ ಮೊದಲ ಪ್ರದರ್ಶನಕ್ಕೆ ಅವರು ಹೋಗಲೇಬೇಕು, ಅದು ಅವರ ಪರೀಕ್ಷೆ. ಪಕ್ಕದ ಮೆಟ್ಟಿಲ ಬಳಿ ನಿಂತು, ತೆರೆಗೆ ಬೆನ್ನು ತಿರುವಿ, ಮಕ್ಕಳ ಮುಖ ನೋಡುತ್ತಾರೆ. ಜೋಕು ಬಂದಾಗ ಅಪ್ಪ ಅಮ್ಮ ನಕ್ಕ ಕ್ಷಣವೇ ಮಗುವೂ ನಕ್ಕರೆ ಆ ಸಾಲು ಪಾಸು. ಮಗು ಅಪ್ಪನ ಮುಖ ನೋಡಿದರೆ ಫೇಲು, ಮನೆಗೆ ಬಂದು ತಿದ್ದುತ್ತಾರೆ.

ಅವತ್ತು ಆ ಮೂವತ್ತೆಂಟು ಸೆಕೆಂಡು ಬಂದಾಗ ಮೂರನೇ ಸಾಲಿನಲ್ಲಿ ಒಬ್ಬಳು ಹುಡುಗಿ ಕೈಯಲ್ಲಿದ್ದ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು. ಮುಂದಕ್ಕೆ ಬಾಗಿದಳು. ತುಟಿ ಅಲ್ಲಾಡಿತು. ಬಸವಣ್ಣೆಪ್ಪನವರ ಎದೆ ಹಿಗ್ಗಿತು.

ಸಿನಿಮಾ ಮುಗಿದ ಮೇಲೆ ನಿರ್ದೇಶಕ ದರ್ಶನ್ ವೇದಿಕೆಗೆ ಬಂದು, ಪ್ರಶ್ನೆ ಕೇಳಿ ಎಂದರು. ಜನ ಗುಡ್ಡದ ಬಗ್ಗೆ, ಬಂದೂಕಿನ ಬಗ್ಗೆ ಕೇಳಿದರು. ಆಮೇಲೆ ಆ ಹುಡುಗಿ ಎದ್ದಳು. ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನಲ್ಲಿರುವ ಸಾನ್ವಿ, ಒಂಬತ್ತನೇ ಕ್ಲಾಸು. ಕೊನೆಯಲ್ಲಿ ಸೈನಿಕ ಹೇಳುವ ಮಾತು ತನಗೆ ಬಹಳ ಇಷ್ಟವಾಯಿತು, ನಮ್ಮದು ಎಂದರೆ ಯಾವುದು, ಪರದೇಶದ ಮ್ಯೂಸಿಯಮ್ಮುಗಳಲ್ಲಿರುವ ನಮ್ಮ ಶಿಲ್ಪಗಳೇ, ಶಾಲೆಯ ಭಾಷಣಕ್ಕೆ ಅದನ್ನು ತೆಗೆದುಕೊಳ್ಳಬಹುದೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಾಲನ್ನು ಅಕ್ಷರ ತಪ್ಪದೆ ಒಪ್ಪಿಸಿದಳು.

ದರ್ಶನ್ ಹುಬ್ಬು ಗಂಟಿಕ್ಕಿದರು. "ಆ ಡೈಲಾಗ್ ನಮ್ ಸಿನಿಮಾದಲ್ಲಿ ಇಲ್ವಲ್ಲ ಪುಟ್ಟಾ. ಆ ಸೀನಲ್ಲಿ ಅವ್ನು ಬಾಯೇ ಬಿಡಲ್ಲ."

"ಐ ರೆಡ್ ಇಟ್," ಎಂದಳು ಸಾನ್ವಿ.

"ನಿದ್ದೆ ಬಂದಿತ್ತೇನೋ, ಕನಸಲ್ಲಿ ಓದಿರ್ತಾಳೆ," ಎಂದಿತು ಹಿಂದಿನಿಂದ ಒಂದು ಧ್ವನಿ. ಇನ್ನೊಬ್ಬರು, "ಮಕ್ಳಿಗೆ ಕನ್ನಡ ಕಲಿಸ್ರಪ್ಪ, ಇಲ್ಲಾಂದ್ರೆ ಹಿಂಗೇ," ಎಂದರು. ಸಭಾಂಗಣ ನಕ್ಕಿತು. ಕೆಟ್ಟ ನಗುವೇನಲ್ಲ, ಎರಡೂಕಾಲು ತಾಸು ಬೇಸತ್ತವರಿಗೆ ಸಿಕ್ಕ ಮೊದಲ ನಗು. ತಾಯಿ ಕೈ ಹಿಡಿದೆಳೆದು ಕೂರಿಸಿದರು. ಹುಡುಗಿ ಕುಳಿತಳು, ಆದರೆ ಅಕ್ಕಪಕ್ಕ ತಿರುಗಿ ನೋಡಿದಳು, ಓದಿದ ಇನ್ನೊಬ್ಬರು ಯಾರಾದರೂ ಇದ್ದಾರೆಯೇ ಎಂದು. ಮೆಟ್ಟಿಲ ಬಳಿ ನಿಂತ ಬಸವಣ್ಣೆಪ್ಪನವರ ಮೇಲೂ ಆ ನೋಟ ಹಾದುಹೋಯಿತು. ಅವರು ನೆಲದ ಕಾರ್ಪೆಟ್ಟು ನೋಡಿದರು.

ಮನೆಗೆ ಬಂದು ವೇದಾವತಿಯವರಿಗೆ ಎಲ್ಲ ಹೇಳಿದರು. ವೇದಾವತಿ ಚಪಾತಿ ಲಟ್ಟಿಸುವುದನ್ನು ನಿಲ್ಲಿಸಿದರು.

"ಅಲ್ರೀ, ಬಾಯಿಗೆ ಹೊಲಗಿ ಹಾಕ್ಕೊಂಡ್ ನಿಂತಿದ್ರೇನು? ನಾ ಬರದೀನಿ ಅನ್ನಾಕ ಏನಾಗಿತ್ತು?"

"ಅಷ್ಟ್ ಮಂದ್ಯಾಗ ಹೆಂಗ್ ಹೇಳ್ಲಿ?"

"ಅಷ್ಟ್ ಮಂದ್ಯಾಗ ಆಕಿ ಕೇಳಿದ್ಲಲ್ಲ. ಆಕಿಗೆ ಹದಿನಾಲ್ಕು, ನಿಮಗ ನಲವತ್ತೇಳು."

ಅವರ ಬಳಿ ಉತ್ತರವಿತ್ತು, ಆದರೆ ಅದು ಅವರಿಗೇ ಸಾಕಾಗುತ್ತಿರಲಿಲ್ಲ. ಒಂದು ಸಾಲು ಕಟ್ಟಿದ್ದು ಎಂದು ತಿಳಿದರೆ ಅರವತ್ತೊಂದು ಸಿನಿಮಾದ ಎಪ್ಪತ್ತು ಸಾವಿರ ಸಾಲುಗಳೂ ಅನುಮಾನಕ್ಕೆ ಬೀಳುತ್ತವೆ. ಬೆಂಗಳೂರಿನಿಂದ ಮತ್ತೆ ಯಾರೂ ಫೈಲು ಕಳಿಸುವುದಿಲ್ಲ. ಆಸ್ಪತ್ರೆಯ ಹದಿನಾಲ್ಕು ಕಿಲೋಮೀಟರಿನಾಚೆ ತನ್ನದು ಎನ್ನುವಂಥದ್ದು ಅವರಿಗೆ ಇದೊಂದೇ.

ನಿನ್ನೆ ಸಂಜೆ ಮನೋಜ್ ಫೋನ್ ಮಾಡಿದರು. ನಾರ್ತ್ ಸಿಡ್ನಿಯ ಐಟಿ ಕಂಪನಿಯಲ್ಲಿದ್ದುಕೊಂಡು ಎರಡೂ ನಗರಗಳಲ್ಲಿ ಕನ್ನಡ ಪ್ರದರ್ಶನ ಏರ್ಪಡಿಸುವವರು ಅವರೇ.

"ಬಸಣ್ಣ, ಆ ಮೆಲ್ಬರ್ನ್ ಹುಡುಗಿ ಅಮ್ಮ ಮೆಸೇಜ್ ಮಾಡಿದಾರೆ. ಮಗಳು ಇನ್ನೂ ಹಟ ಬಿಟ್ಟಿಲ್ವಂತೆ. ಆ ಲೈನ್ ಇತ್ತು ಅಂತಾನೇ ಹೇಳ್ತಾಳಂತೆ, ಊಟದ ಟೇಬಲ್ಲಲ್ಲೂ ಮಾತು ಬಿಟ್ಟಿದಾಳಂತೆ. ಮಗಳು ಸುಳ್ಳು ಹೇಳ್ತಿದಾಳಾ ಅಂತ ಅವ್ರಿಗೂ ಟೆನ್ಷನ್. ನೀವೊಂದ್ಸಲ ಫೈಲ್ ನೋಡ್ಬಿಡಿ. ದರ್ಶನ್ ಸರ್ರೂ ಹೇಳಿದಾರೆ, ಅಂಥದ್ದೇನಾದ್ರೂ ಇದ್ರೆ ತೆಗ್ದು ಕಳಿಸಿ ಅಂತ. ಇದ್ಯಾ ಇಲ್ವಾ, ನಂಗೊಂದು ರಿಪ್ಲೈ ಮಾಡಿ, ಅವ್ರಿಗೆ ಫಾರ್ವರ್ಡ್ ಮಾಡ್ತೀನಿ."

ಹೀಗಾಗಿ ಈ ಬೆಳಗು ಅವರು ಎರಡು ಕೆಲಸ ಮಾಡಬೇಕು. ಫೈಲು ಕಳಿಸಬೇಕು. ಉತ್ತರ ಕಳಿಸಬೇಕು.

ಐದು ಗಂಟೆ. ಐದೂಕಾಲು. ಉಳಿದ ಸಾಲುಗಳನ್ನು ಸುಮ್ಮನೆ ಮತ್ತೊಮ್ಮೆ ನೋಡುತ್ತಾರೆ, ಸರಿಯಿದ್ದ ಅಲ್ಪವಿರಾಮವನ್ನು ತೆಗೆದು ಮತ್ತೆ ಹಾಕುತ್ತಾರೆ. ಕೆಳಗೆ ಮೊದಲ ರೈಲುಗಳ ಸದ್ದು. ಐದೂವರೆಗೆ ವೇದಾವತಿ ಎದ್ದು ಬಂದು ತೆರೆ ನೋಡಿ ಚಹಾಕ್ಕೆ ನೀರಿಡುತ್ತಾರೆ. ಐದೂ ಮುಕ್ಕಾಲಿಗೆ ಬಸವಣ್ಣೆಪ್ಪ ಸಮವಸ್ತ್ರದ ಅಂಗಿ ಹಾಕಿಕೊಳ್ಳುತ್ತಾರೆ. ಗುಂಡಿ ಹಾಕಿ ಮತ್ತೆ ಲ್ಯಾಪ್‌ಟಾಪಿನ ಮುಂದೆ ಬರುತ್ತಾರೆ.

ಐದು ಐವತ್ತೆರಡಕ್ಕೆ 1,268ನೇ ಸಾಲನ್ನು ಅಳಿಸುತ್ತಾರೆ. ಕೆಳಗಿನ ಸಾಲುಗಳೆಲ್ಲ ತಾವಾಗಿ ಒಂದೊಂದು ಸಂಖ್ಯೆ ಮೇಲೆ ಸರಿಯುತ್ತವೆ. ಫೈಲು ಕಳಿಸುತ್ತಾರೆ. ಆಮೇಲೆ ಫೋನು ತೆಗೆದು ಮನೋಜ್‌ಗೆ ಬರೆಯುತ್ತಾರೆ: "ಪೂರ್ತಿ ಚೆಕ್ ಮಾಡೀನಿ. ಅಂಥಾ ಸಾಲು ಇಲ್ಲ." ಬರೆದ ಹೊತ್ತಿಗೆ ಅದು ನಿಜವಾಗಿತ್ತು. ಎರಡು ನಿಮಿಷ ಮೊದಲು ಬರೆದಿದ್ದರೆ ಆಗುತ್ತಿರಲಿಲ್ಲ.

ಮಧ್ಯಾಹ್ನ ಲಾಕರ್ ತೆರೆದಾಗ ಎರಡು ಸಂದೇಶಗಳಿದ್ದವು. ಮೊದಲನೆಯದು ದರ್ಶನ್ ಅವರದು: "ಥ್ಯಾಂಕ್ಸ್ ಸರ್, ಮುಂದಿನ ಸಿನಿಮಾಕ್ಕೂ ನೀವೇ." ಎರಡನೆಯದು ಮನೋಜ್ ಕಳಿಸಿದ್ದು, ಸಾನ್ವಿಯ ತಾಯಿಯ ಉತ್ತರದ ಚಿತ್ರ: "ತುಂಬಾ ಥ್ಯಾಂಕ್ಸ್. ನಿಮಗೆ ತೊಂದ್ರೆ ಕೊಟ್ಟಿದ್ದಕ್ಕೆ ಸಾರಿ. ಅವಳ ಹತ್ರ ಸಾರಿ ಹೇಳಿಸ್ತೀನಿ." ಅದನ್ನು ಓದಿ ಬಸವಣ್ಣೆಪ್ಪ ಊಟದ ಡಬ್ಬಿ ಮುಚ್ಚಿ, ಮುಂದಿನ ಮಂಚಕ್ಕೆ ಹೋದರು.

ಭಾನುವಾರ ಸಿಡ್ನಿಯ ಪ್ರದರ್ಶನಕ್ಕೆ ಕೆಲ್ಲಿವಿಲ್‌ನಿಂದ, ಬ್ಲ್ಯಾಕ್‌ಟೌನ್‌ನಿಂದ ನೂರೈವತ್ತು ಜನ ಬಂದಿದ್ದರು. ಗಮ್ ಮರಗಳಿಗೆ ಮಕ್ಕಳು ನಕ್ಕರು, ಹಕ್ಕಿಗೆ ಚಪ್ಪಾಳೆ ತಟ್ಟಿದರು. ಕೊನೆಯ ಮೂವತ್ತೆಂಟು ಸೆಕೆಂಡಿನಲ್ಲಿ ಡೊಳ್ಳು ಮೊಳಗಿತು, ಸೈನಿಕನ ಮುಖದ ಕೆಳಗೆ ಏನೂ ಇರಲಿಲ್ಲ. ಬಸವಣ್ಣೆಪ್ಪ ಮೆಟ್ಟಿಲ ಬಳಿ ನಿಂತು ನೋಡಿದರು. ಒಂದು ಮಗುವೂ ಫೋನು ಕೆಳಗಿಡಲಿಲ್ಲ.

ಈಗ ಇಸ್ತ್ರಿ ಮೇಜಿನ ಮೇಲೆ ಅರವತ್ತೆರಡನೆಯ ಸಿನಿಮಾ ಇದೆ. ಹಾಸ್ಯದ ಸಿನಿಮಾ, ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಉಸಿರಾಡಲು ಜಾಗವಿಲ್ಲ. "ಬೇಸ್ ಆತು ಬಿಡ್ರಿ, ಯಾರೂ ಸುಮ್ಮನಿರೂದಿಲ್ಲ," ಎನ್ನುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಒಂದೇ ಮಾತು: "ಮೆಲ್ಬರ್ನ್‌ಗೆ ಇನ್ನೊಮ್ಮೆ ಹೋಗ್ಬೇಕ್ರಿ. ಸಿನಿಮಾಕ್ಕಲ್ಲ." ಎರಡು ಸಲ ರೈಲಿನ ಸೀಟು ನೋಡಿದ್ದಾರೆ, ಬುಕ್ ಮಾಡಿಲ್ಲ.

ಇದನ್ನೆಲ್ಲ ಬರೆಯಬಹುದೇ ಎಂದಾಗ, "ಬರೀರಿ," ಎನ್ನುತ್ತಾರೆ. "ಆ ಹುಡುಗಿಗೆ ಕನ್ನಡ ಓದಾಕ ಬರೂದಿಲ್ಲ." ಆಮೇಲೆ, "ಅವರವ್ವಗ ಬರ್ತೈತಿ," ಎಂದು ಸೇರಿಸುತ್ತಾರೆ.

ಆ ಸಾಲು ತೆರೆಯ ಮೇಲೆ ಇತ್ತು, ಬರೆದವನು ನಾನು ಎಂದು ಬಸವಣ್ಣೆಪ್ಪ ಸಾನ್ವಿಗೆ ಹೇಳಿಲ್ಲ.